ಹಳ್ಳದ ದಂಡಿಯ ಮೂರನೇ ಕ್ಯಾಮೆರಾ

ಕ್ಯಾಸೆಟ್ ಒಂದು
ಉಪ್ಪಿನಬೆಟಗೇರಿ, ೧೪ ನವೆಂಬರ್ ೨೦೦೩

…ಮತ್ತ ಎರಡನೇ ಬೂಟೂ ಹೋತು ಅಕ್ಕಾ. ಮುಂಜಾನಿಂದ ಮೂರು ಸರ್ತಿ ತೊಳದೀನಿ, ವಾಸನಿ ಹೋಗವಲ್ದು. ಮೊದಲನೇದು ಸತ್ತ ಎಮ್ಮಿ ಹೊಟ್ಟ್ಯಾಗ ಇಳೀತು, ಇದು ಏನರಾಗ ಇಳೀತು ಅಂತ ಕೇಳಬ್ಯಾಡ. ಕ್ಯಾಮೆರಾ ಒಂದರಾಗ ಇರವಿ ಗೂಡು ಕಟ್ಯಾವು. ಕ್ಯಾಮೆರಾ ಎರಡು ಮೂವತ್ತಾರು ಫೋಟೋ ಹೊಡದೈತಿ, ಮೂವತ್ತಾರೂ ಒಂದ ಎಮ್ಮಿದು. ಅದು ಗಿಡಕ್ಕ ಬಂದು ಮೈ ತಿಕ್ಕಿದಂಗೆಲ್ಲಾ ಫ್ಲ್ಯಾಶ್ ಹೊಡಿಸಿಕೊಂಡೈತಿ. ತಡಿ, ಕೆಂಪು ದೀಪ ಹತ್ತೇತೋ ಇಲ್ಲೋ ನೋಡ್ತೇನಿ. ಹತ್ತೇತಿ.

ನನ್ನ ಕೈಬರಹ ನಿನಗ ಗೊತ್ತೈತಲ್ಲ, ಅದಕ್ಕ ಈ ಸರ್ತಿ ಪತ್ರ ಬರಿಯಂಗಿಲ್ಲ, ಮಾತಾಡಿ ಕಳಸ್ತೇನಿ. ಈ ಟೇಪ್ ರೆಕಾರ್ಡರ್ ಡಿಪಾರ್ಟ್‌ಮೆಂಟಿಂದು. ಕತ್ತಿಕಿರುಬ ಕೂಗಿದ್ರ ತುಂಬಿಕೊಳ್ಳಾಕ ಕೊಟ್ಟಾರ. ಹದಿನೆಂಟು ದಿನ ಆತು, ಅದು ಒಂದು ಸಲನೂ ಕೂಗಿಲ್ಲ. ನಾನ ಕೂಗಾಕತ್ತೇನಿ.

ಎಂ.ಎಸ್ಸಿ. ಅಂದ್ರ ಧಾರವಾಡದಾಗ ಬಿಳೇ ಕೋಟು ಹಾಕ್ಕೊಂಡು ಸೂಕ್ಷ್ಮದರ್ಶಕ ನೋಡೂದು ಅಂತ ತಿಳಕೊಂಡು ವಾಸ್ಕೋ ಬಿಟ್ಟು ಬಂದೆ. ಮಹಾದೇವಪ್ಪ ಸರ್ ನನ್ನ ಗೈಡ್ ಆದ್ರು ನೋಡು, ಅವತ್ತ ನನ್ನ ಹಣೆಬರಹ ತಿರುಗೀತು. ‘ಊರಿನ ಅಂಚಿನಲ್ಲಿ ಬದುಕುವ ಕತ್ತೆಕಿರುಬ’ ಅಂತ ವಿಷಯ ಕೊಟ್ರು. ಊರ ಅಂಚು ಅಂದ್ರ ಏನು ಗೊತ್ತೇನು? ಸತ್ತ ದನ ಒಗಿಯೂ ಜಾಗಾ. ದಿನಾ ಅಲ್ಲಿ ಹೋಗಿ ಕಿರುಬದ ಹಿಕ್ಕಿ ಆರಸಬೇಕು. ಎಲಬು ತಿಂದು ತಿಂದು ಹಿಕ್ಕಿ ಸುಣ್ಣದಂಗ ಬೆಳ್ಳಗ ಇರ್ತೈತಿ. ಅದನ್ನ ಜರಡಿ ಹಿಡದು ಒಳಗ ಯಾವ ಕೂದಲಾ ಅದಾವ ಅಂತ ಎಣಸಬೇಕು. ಊಟಕ್ಕ ಕುಂತ್ರ ಕೈ ಬಾಯಿಗೆ ಹೋಗಂಗಿಲ್ಲ.

ಕ್ಯಾಮೆರಾದ ಕತಿ ಹೇಳ್ತೇನಿ. ಒಂದು ಡಬ್ಬಿ, ಕಂದು ಬಣ್ಣ ಬಳದೇವಿ, ಗಿಡಕ್ಕ ಬೆಲ್ಟ್ ಹಾಕಿ ಕಟ್ಟೂದು. ಮುಂದ ಬಿಸಿ ಮೈ ಯಾವುದರ ಹಾದುಹೋದ್ರ ತಾನ ಫೋಟೋ ಹೊಡಿತೈತಿ. ರೋಲ್ ಮುಗಿದ ಮ್ಯಾಲ ಹುಬ್ಬಳ್ಳಿ ಕೇಶ್ವಾಪುರದ ಒಂದು ಸ್ಟುಡಿಯೋಕ್ಕ ಒಯ್ದು ತೊಳಸಬೇಕು. ತೊಳಿಯೂತನಕ ಒಳಗ ಏನೈತಿ ಅಂತ ದೇವರಿಗೂ ಗೊತ್ತಿಲ್ಲ. ಇಂಥಾವು ಮೂರು ಕೊಟ್ಟಾರ. ಊರ ಮಂದಿಗೆ ಹೇಳೀನಿ, ಇದು ಸರಕಾರದ ಡಬ್ಬಿ, ಮುಟ್ಟಿದ್ರ ಪೊಲೀಸ್ ಬರ್ತಾರ ಅಂತ. ಇಲ್ಲಾಂದ್ರ ಬೆಲ್ಟ್ ಬಿಚ್ಚಿ ಎತ್ತಿಗೆ ಕಟ್ಟತಾರ.

ಸರ್ ಹೇಳಿದ್ದು ಏನಂದ್ರ, ಸವದ ದಾರಿ ಹುಡುಕು, ಅದರ ಮ್ಯಾಲ ಮೊಣಕಾಲೆತ್ತರಕ್ಕ ಕಟ್ಟು. ಇವತ್ತ ಅಂಥಾದ್ದೊಂದು ಸಿಕ್ಕೇತಿ. ಹಳ್ಳದ ಮೂಡಲ ದಂಡಿ, ಜಾಲಿಕಂಟಿ ನಡುವ, ಒಬ್ಬರ ಹಿಂದ ಒಬ್ಬರು ಹೋಗೂವಷ್ಟು ದಾರಿ. ಎಷ್ಟು ಸವದೈತಿ ಅಂದ್ರ ಹುಲ್ಲು ಹುಟ್ಟಿಲ್ಲ. ಹೊಲಸೂ ಬಿದ್ದೈತಿ ಅಲ್ಲಲ್ಲೆ, ಎರಡನೇ ಬೂಟು ಅಲ್ಲೇ ಇಳದದ್ದು. ಬಸ್‌ಸ್ಟ್ಯಾಂಡ್ ಹತ್ರ ಚಾದಂಗಡಿ ಗುಲಾಬಸಾಬನ್ನ ಕೇಳಿದೆ, ಆ ಕಡಿ ಮಂದಿ ಓಡಾಡ್ತಾರೇನ್ರಿ ಅಂತ. ‘ಅಲ್ಲಿ ಯಾರೂ ಹೋಗಂಗಿಲ್ರಿ ಸಾಹೇಬ್ರ. ನಾ ಹುಟ್ಟಿದಾಗಿಂದ ಆ ಕಡಿ ಕಾಲಿಟ್ಟಿಲ್ಲ’ ಅಂದ. ಅಲ್ಲೇ ಚಾ ಕುಡಿಯಾಕತ್ತಿದ್ದ ನಾಕು ಮಂದೀನೂ ಕೇಳಿದೆ. ಎಲ್ಲಾರೂ ಅದನ್ನ ಅಂದ್ರು. ಮೂರನೇ ಕ್ಯಾಮೆರಾ ಕಟ್ಟಿ ಬಂದೆ.

ಇರಾಕ ಕಸ್ತೂರೆವ್ವ ಅನ್ನಾಕಿ ಮನ್ಯಾಗ ಮುಂದಿನ ಖೋಲಿ ಕೊಟ್ಟಾಳ. ಸಾಲ್ಯಾಗ ಮಧ್ಯಾಹ್ನದ ಬಿಸಿಊಟ ಮಾಡ್ತಾಳ. ಗಂಡ ಹುಬ್ಬಳ್ಳ್ಯಾಗ ಒಂದು ಗೋದಾಮಿಗೆ ಕಾವಲು, ರವಿವಾರ ಬರ್ತಾನ. ನನ್ನ ಬೂಟು ನೋಡಿ, ‘ನಿಮ್ಮವ್ವ ಇದಕ್ಕ ಓದಿಸಿದಳೇನೋ ತಮ್ಮಾ? ನಮ್ಮೂರಾಗ ಹೇಲು ಆರಸಾಕ ಹಂದಿ ಅದಾವಲ್ಲೋ’ ಅಂದ್ಲು. ನಕ್ಕೆ. ನಡುವ ಬರೇ ಹಲಗಿ ಗೋಡಿ ಐತಿ, ಆಕಿ ಬ್ಯಾಗ ಮಲಗ್ತಾಳ, ಅದಕ್ಕ ಮೆಲ್ಲಗ ಮಾತಾಡಾಕತ್ತೇನಿ.

ನಾವೂ ವಾಸ್ಕೋದಾಗ ರೈಲ್ವೆ ಹಳಿ ಪಕ್ಕಕ್ಕ ಕುಂತು ಬೆಳದವರ. ಆದ್ರೂ ಇಲ್ಲಿ ಹೇಸಿಗಿ ನನಗ ತಾಳವಲ್ದು. ಬಿಟ್ಟು ಬರ್ಲ್ಯಾ?


ವಾಸ್ಕೋ, ೨೩ ನವೆಂಬರ್ ೨೦೦೩

ಪ್ರೀತಿಯ ವಿನೋದ,

ನಿನ್ನ ಕ್ಯಾಸೆಟ್ ಬಂತು. ಅಂಚೆಯವನು ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಟ್ಟ. ರಾತ್ರಿ ಪಾಳಿ ಮುಗಿಸಿ ಬಂದು ಹಾಸ್ಟೆಲಿನಲ್ಲಿ ಎರಡು ಸಲ ಕೇಳಿದೆ. ಮೊದಲ ಸಲ ನಿನ್ನ ಮಾತಿಗೆ, ಎರಡನೆಯ ಸಲ ನಿನ್ನ ದನಿಗೆ. ಮೂಗು ಕಟ್ಟಿದೆ. ಒದ್ದೆ ಬೂಟು ಹಾಕಿಕೊಂಡು ತಿರುಗಬೇಡ.

ಬಿಟ್ಟು ಬರುವ ಮಾತು ಆಡಬೇಡ. ನಾನು ಆಸ್ಪತ್ರೆಗೆ ಸೇರಿದ ಮೊದಲ ತಿಂಗಳು ಬೆಡ್‌ಪ್ಯಾನ್ ಎತ್ತುವಾಗ ಪ್ರತಿದಿನ ವಾಂತಿ ಮಾಡುತ್ತಿದ್ದೆ. ಹಿರಿಯ ಸಿಸ್ಟರ್ ಒಬ್ಬರು, ‘ಬಾಯಿಯಿಂದ ಉಸಿರಾಡು, ರೋಗಿಯ ಮುಖ ನೋಡು, ಪ್ಯಾನ್ ನೋಡಬೇಡ’ ಎಂದರು. ಅಷ್ಟೇ ಉಪಾಯ. ನಿನ್ನ ಕಿರುಬದ ಮುಖವೇ ಇನ್ನೂ ಕಂಡಿಲ್ಲ, ಅದಕ್ಕೇ ನಿನಗೆ ಬರೀ ಹೊಲಸು ಕಾಣುತ್ತಿದೆ. ಒಂದು ಸಲ ಮುಖ ಕಾಣಲಿ.

ಅವ್ವ ಇದ್ದಿದ್ದರೆ ನಿನ್ನ ಕೆಲಸದ ಬಗ್ಗೆ ಕೇಳಿ ಕಸ್ತೂರೆವ್ವನ ಹಾಗೆಯೇ ಅನ್ನುತ್ತಿದ್ದಳು. ಆಕೆಯ ಮಾತು ಕೇಳಿಕೊಂಡಿರು. ಊರಿನ ಅನ್ನ ತಿನ್ನುತ್ತಿದ್ದೀ, ಊರವರ ಮುಂದೆ ಮೂಗು ಮುಚ್ಚಿಕೊಳ್ಳಬೇಡ.

ಏನು ಊಟ ಕೊಡುತ್ತಾಳೆ, ಅದನ್ನು ನೀನು ಹೇಳಲೇ ಇಲ್ಲ.

ನಿನ್ನ ಅಕ್ಕ,
ಕಾವೇರಿ


ಕ್ಯಾಸೆಟ್ ಎರಡು
ಉಪ್ಪಿನಬೆಟಗೇರಿ, ೩ ಡಿಸೆಂಬರ್ ೨೦೦೩

ಸಿಕ್ತು ಅಕ್ಕಾ. ಮುಖ ಸಿಕ್ತು. ಮೂರನೇ ಕ್ಯಾಮೆರಾದಾಗ ಇಪ್ಪತ್ತೆರಡನೇ ಫ್ರೇಮು. ಕತ್ತಿಕಿರುಬ, ಖರೇ ಕತ್ತಿಕಿರುಬ, ಪಟ್ಟಿ ಪಟ್ಟಿ ಮೈ, ಬೆನ್ನಿನ ಕೂದಲಾ ನಿಂತಾವು, ಕಿವಿ ಇಷ್ಟುದ್ದ. ತಲಿ ತಗ್ಗಿಸಿ ನೆಲ ಮೂಸಾಕತ್ತೇತಿ. ಟೈಮು ಬಿದ್ದೈತಿ ಕೆಳಗ, ಮುಂಜಾನಿ ಐದು ಮೂವತ್ತೊಂದು. ಮಹಾದೇವಪ್ಪ ಸರ್ ನೆಗೆಟಿವ್ ಕೈಯಾಗ ಹಿಡಕೊಂಡು ಕಿಟಕಿ ಕಡಿ ಹೋದಾವರು ಐದು ನಿಮಿಷ ತಿರುಗಲಿಲ್ಲ. ‘ಈ ತಾಲೂಕಿನಾಗ ಇದರ ಫೋಟೋ ಮೊದಲನೇದು ಇರಬೇಕಪ್ಪಾ’ ಅಂದ್ರು. ನೆಗೆಟಿವ್ ಪಟ್ಟಿ ತುಂಡು ಮಾಡಬ್ಯಾಡ, ನಂಬರ್ ಸಾಲಾಗಿ ಇರಬೇಕು, ಇಲ್ಲಾಂದ್ರ ಎಲ್ಲಿಂದರ ತಂದು ಸೇರಿಸ್ಯಾನ ಅಂತ ಪರೀಕ್ಷಾ ಮಾಡಾವರು ಅಂತಾರ, ಹೊಸ ವರ್ಷಕ್ಕ ಇಡೀ ಪಟ್ಟಿ ತಂದು ಫೈಲಿಗೆ ಹಚ್ಚು ಅಂದ್ರು.

ಈಗ ಉಳಿದ ಮೂವತ್ತೈದು ಫೋಟೋ ಏನು ಅಂತ ಕೇಳು. ತಡಿ, ನಗು ಬರಾಕತ್ತೇತಿ. ಹದಿನೆಂಟು ಖಾಲಿ, ಗಾಳಿಗೆ ಹೊಡದಾವು. ಮೂರರಾಗ ನಾಯಿ. ಉಳಿದ ಹದಿನಾಕು… ಅಕ್ಕಾ, ಹದಿನಾಕರಾಗ ಹೆಂಗಸರು. ಚರಗಿ ಹಿಡಕೊಂಡು. ಕೆಲವರು ಕುಂತಾರ. ಗುಲಾಬಸಾಬ ಯಾರೂ ಹೋಗಂಗಿಲ್ಲ ಅಂದ ದಾರಿ ಹೆಂಗಸರು ಬೈಲಕಡಿ ಹೋಗೂ ದಾರಿ. ಗಂಡಸರು ಆ ಕಡಿ ಹಾಯಂಗಿಲ್ಲ, ಅದಕ್ಕ ಅವರ ಲೆಕ್ಕದಾಗ ಅಲ್ಲಿ ಯಾರೂ ಹೋಗಂಗಿಲ್ಲ. ನಾ ಕೇಳಿದ್ದೂ ಬರೇ ಗಂಡಸರನ್ನ.

[ಇಲ್ಲಿ ಬಹಳ ಹೊತ್ತು ನಗು]

ಸ್ಟುಡಿಯೋದ ಶಶಿಕುಮಾರ ರೋಲ್ ಕೊಡೂವಾಗ, ‘ಏನ್ರಿ ಸೈಂಟಿಸ್ಟ್, ಯಾವ ಜಾತಿ ಪ್ರಾಣಿ ಇದು, ಸೀರಿ ಉಟಗೋತಾವಲ್ಲ’ ಅಂದ. ಅಲ್ಲಿದ್ದವರೆಲ್ಲಾ ಬಿದ್ದು ಬಿದ್ದು ನಕ್ಕರು. ನನಗ ಒಂದು ಕಡಿ ನಗು, ಒಂದು ಕಡಿ ಹೇಸಿಗಿ. ಇಷ್ಟು ದೊಡ್ಡ ಊರು, ಮನಿಮನಿಗೆ ಟಿ.ವಿ. ಐತಿ, ಒಂದು ಸಂಡಾಸ ಕಟ್ಟಿಸಿಕೊಳ್ಳಾಕ ಆಗಂಗಿಲ್ಲ ಇವರಿಗೆ. ಹತ್ತು ದಿನ ನಾ ಕಾಯ್ದದ್ದು ಇವರು ಕುಂದರೂದನ್ನ ನೋಡಾಕೇನು? ಹದಿನಾಕು ಫ್ರೇಮು ಹಾಳಾದವು. ಮುಖ ಗಿಖ ಕಾಣಂಗಿಲ್ಲ ಬಿಡು.

ಕ್ಯಾಮೆರಾ ಅಲ್ಲೇ ಇರ್ಲಿ ಅಂದಾರ ಸರ್. ಒಮ್ಮಿ ಬಂದದ್ದು ಮತ್ತ ಬರ್ತೈತಿ ಅಂತ. ಹೊಸ ರೋಲ್ ಹಾಕಿ ಬಂದೆ.

ಊಟ ಕೇಳಿದ್ದಿ. ಜ್ವಾಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ. ಛಲೋ ಮಾಡ್ತಾಳ. ಆದ್ರ ಒಂದು ವಾರದಿಂದ ಆಕಿ ಮಾರಿ ಬಿಗದೈತಿ. ತವರುಮನಿ ಹಿತ್ತಾಳಿ ಚರಗಿ ಕಳದೈತಂತ, ದಿನಾ ಯಾರಿಗೋ ಬೈತಾಳ. ಮಗ್ಗಲ ಮನಿ ದುರಗವ್ವಗ ‘ಅದಕ್ಕ ನಮ್ಮಪ್ಪ ನನ್ನ ಹೆಸರು ಹಾಕಿಸಿದ್ದ’ ಅಂತ ಹೇಳಾಕತ್ತಿದ್ಲು. ಒಂದು ಚರಗಿಗೆ ಇಷ್ಟು ಗದ್ದಲ.


ವಾಸ್ಕೋ, ೧೧ ಡಿಸೆಂಬರ್ ೨೦೦೩

ಪ್ರೀತಿಯ ವಿನೋದ,

ಶಾಬ್ಬಾಶ್ ತಮ್ಮಾ. ಇಪ್ಪತ್ತೆರಡನೆಯ ಫ್ರೇಮಿನ ಒಂದು ಪ್ರತಿ ನನಗೂ ಕಳಿಸು, ಲಾಕರಿನ ಬಾಗಿಲಿಗೆ ಅಂಟಿಸಿಕೊಳ್ಳುತ್ತೇನೆ.

ನೀನು ನಕ್ಕಿದ್ದನ್ನು ಕೇಳಿ ಬಹಳ ದಿನವಾಗಿತ್ತು. ಅವ್ವ ಹೋದ ಮೇಲೆ ನೀನು ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ. ಆ ಖುಷಿಗೆ ಕ್ಯಾಸೆಟ್ಟನ್ನು ಹಾಸ್ಟೆಲಿನ ಹುಡುಗಿಯರಿಗೂ ಕೇಳಿಸಿದೆ. ಆರು ಜನ ಮಂಚದ ಮೇಲೆ ಕೂತು ಕೇಳಿದರು. ಸೀರೆ ಉಡುವ ಪ್ರಾಣಿಯ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಕುಂದಾಪುರದ ಹುಡುಗಿ ಒಬ್ಬಳು ಮಾತ್ರ ಮಧ್ಯದಲ್ಲೇ ಎದ್ದು ಬಟ್ಟೆ ತರಲು ಹೋದಳು.

ಒಂದು ಕೇಳಬೇಕೆನಿಸಿತು. ಮುಖ ಕಾಣುವುದಿಲ್ಲ ಎಂದಿದ್ದೀಯಲ್ಲ, ಅದು ನಿಜ ತಾನೇ? ಹೊಸ ರೋಲು ಹಾಕಿ ಅದೇ ಜಾಗದಲ್ಲಿ ಯಾಕೆ ಬಿಟ್ಟೆ? ಹೋಗಲಿ, ನಿನ್ನ ಸರ್‌ಗೆ ಗೊತ್ತಿರಬೇಕು.

ಚರಗಿ ಹುಡುಕಿಕೊಡು ಪಾಪ. ಹೆಸರು ಕೆತ್ತಿಸಿದ ಪಾತ್ರೆ ಎಂದರೆ ನಿನಗೇನು ಗೊತ್ತು.

ಕಾವೇರಿ


ಕ್ಯಾಸೆಟ್ ಮೂರು
ಉಪ್ಪಿನಬೆಟಗೇರಿ, ೨೦ ಡಿಸೆಂಬರ್ ೨೦೦೩

ಅಕ್ಕಾ, ಇವತ್ತ ನಗೂದೇನೂ ಇಲ್ಲ. ಈ ಊರು ಸಾಕಾಗೇತಿ. ಎರಡನೇ ರೋಲಿನಾಗ ಕಿರುಬ ಇಲ್ಲ, ಹೆಂಗಸರೂ ಇಲ್ಲ, ಬರೇ ಖಾಲಿ ದಾರಿ. ದುರಗವ್ವ ಬಾವಿಕಟ್ಟಿ ಮ್ಯಾಲ ಹೇಳಾಕತ್ತಿದ್ಲು, ಹಳ್ಳದ ದಂಡಿ ಮ್ಯಾಲ ಯಾವನೋ ಕಂಟಿಮರಿಗೆ ಕುಂತು ಬ್ಯಾಟರಿ ಬಿಡ್ತಾನ, ಮುಖಕ್ಕ ಬೆಳಕು ಹೊಡದು ಕಣ್ಣು ಕಾಣದಂಗ ಮಾಡ್ತಾನ ಅಂತ. ಹೇಳೂವಾಗ ನನ್ನ ಕಡಿ ನೋಡಿ ಸುಮ್ನಾದ್ಲು. ನಾ ಹಲ್ಲು ತಿಕ್ಕಾಕತ್ತಿದ್ದೆ.

ಕಸ್ತೂರೆವ್ವ ಏನೋ ವ್ರತಾ ಹಿಡದಾಳ. ಮಧ್ಯಾಹ್ನ ಆದ ಮ್ಯಾಲ ಒಂದು ಗುಟುಕು ನೀರು ಕುಡಿಯಂಗಿಲ್ಲ. ರಾತ್ರಿ ಊಟ ಇಲ್ಲ. ನನಗ ಬಡಿಸಿ ಬಾಗಿಲಾಗ ಕುಂದರ್ತಾಳ. ನೀವೂ ಉಣ್ರಿ ಅಂದ್ರ, ‘ನನಗ ಬ್ಯಾಡೋ’ ಅಂತಾಳ. ಯಾವ ದೇವರಿಗೆ ಅಂತ ಕೇಳಿದೆ, ಇನ್ನೊಂದು ರೊಟ್ಟಿ ಹಾಕಿದ್ಲು. ಮೂರು ದಿನದಿಂದ ಜ್ವರ, ನಡ ಹಿಡಕೊಂಡು ನಡೀತಾಳ, ತುಟಿ ಒಣಗ್ಯಾವು. ಬಿಸಿಊಟಕ್ಕ ನಿನ್ನೆ ದುರಗವ್ವ ಹೋದ್ಲು. ಈ ಹಳ್ಳ್ಯಾಗ ಉಪವಾಸ ಮಾಡಿ ಸಾಯಾಕೂ ತಯಾರ ಇರ್ತಾರ ನೋಡು.

ಇನ್ನೊಂದು ಹೇಳೂದೈತಿ. ಹೇಳ್ಲೋ ಬ್ಯಾಡೋ ಅಂತ ಮೂರು ದಿನದಿಂದ ವಿಚಾರ ಮಾಡೇನಿ. ಕೇಶ್ವಾಪುರಕ್ಕ ರೋಲ್ ತರಾಕ ಹೋಗಿದ್ದೆ. ಶಶಿಕುಮಾರ ಒಳಗ ಇದ್ದ. ಕೌಂಟರ್ ಮ್ಯಾಲ ಒಂದು ಆಲ್ಬಮ್ ಇತ್ತು, ಮದವಿ ಫೋಟೋ ತೋರಸಾಕ ಇಟ್ಟಿರ್ತಾರಲ್ಲ ಅಂಥಾದ್ದು. ಸುಮ್ನ ತಗದೆ. ಕಡೀ ಪುಟದಾಗ ನನ್ನ ಫೋಟೋ ಇದ್ದವು. ನನ್ನವಂದ್ರ ನನ್ನ ಕ್ಯಾಮೆರಾದ್ದು. ದೊಡ್ಡವು ಮಾಡಿ ಹಚ್ಚಿದ್ದ. ನಾಕು ಇದ್ದವು, ಎರಡು ಜಾಗಾ ಖಾಲಿ ಇದ್ದವು. ‘ಗೆಳ್ಯಾರು ಒಯ್ದಾರ’ ಅಂದ ಆಮ್ಯಾಲ, ಪುಸ್ತಕ ಒಯ್ದವರಂಗ.

ಡಿಪಾರ್ಟ್‌ಮೆಂಟಿನ ಎಲ್ಲಾ ರೋಲೂ ಅವನ ಕಡೇನ ತೊಳಿಯೂದು. ಜಗಳ ತಗದ್ರ ಸರ್ ಕಿವಿಗೆ ಹೋಗ್ತೈತಿ. ಆಲ್ಬಮ್ ಮುಚ್ಚಿಟ್ಟು ಬಂದೆ. ಬಸ್ಸಿನಾಗ ಕುಂತ ಮ್ಯಾಲ ವಾಂತಿ ಆತು. ಸತ್ತ ಎಮ್ಮಿ ಹೊಟ್ಟ್ಯಾಗ ಕಾಲಿಟ್ಟಾಗನೂ ಆಗಿರಲಿಲ್ಲ.

ಮತ್ತ, ಮುಖ ಕಾಣಂಗಿಲ್ಲ ಅಂತ ನಿನಗ ಹೇಳಿದ್ದೆ. ಸುಳ್ಳು. ಇಪ್ಪತ್ತೊಂದನೇ ಫ್ರೇಮಿನಾಗ ಕಾಣ್ತೈತಿ. ಸೀದಾ ಫ್ಲ್ಯಾಶಿಗೆ ನೋಡಾಕತ್ತಾಳ. ಕಸ್ತೂರೆವ್ವ ಅದು. ಆಲ್ಬಮ್‌ನಾಗ ಇದ್ದದ್ರಾಗೂ ಆಕಿ ಇದ್ದಳು. ಆಕಿ ಗಂಡನ ಗೋದಾಮು ಹುಬ್ಬಳ್ಳ್ಯಾಗ ಸ್ಟುಡಿಯೋದಿಂದ ಎರಡು ಓಣಿ ಆಚೆ.

ಆಕಿಗೆ ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ. ಹೊಸ ವರ್ಷಕ್ಕ ಪಟ್ಟಿ ಸರ್ ಕೈಗೆ ಕೊಟ್ಟುಬಿಟ್ರ ನನ್ನ ಕೆಲಸ ಮುಗೀತೈತಿ. ಹೌದಲ್ಲೋ? ಏನರ ಹೇಳು.


ವಾಸ್ಕೋ, ೨೭ ಡಿಸೆಂಬರ್ ೨೦೦೩

ವಿನೋದ,

ಅದು ವ್ರತವಲ್ಲ.

ಕಸ್ತೂರೆವ್ವ ಯಾವ ದೇವರಿಗೂ ಉಪವಾಸ ಮಾಡುತ್ತಿಲ್ಲ. ಸಂಜೆ ಉಂಡರೆ ಬೆಳಗಿನ ಜಾವ ಬಯಲಿಗೆ ಹೋಗಬೇಕಾಗುತ್ತದೆ. ಮಧ್ಯಾಹ್ನದ ಮೇಲೆ ನೀರು ಕುಡಿದರೆ ರಾತ್ರಿ ಎದ್ದು ಹೋಗಬೇಕಾಗುತ್ತದೆ. ಹೋಗಲು ಇದ್ದ ಒಂದೇ ಜಾಗದಲ್ಲಿ ನೀನು ದೀಪ ಕಟ್ಟಿದ್ದೀಯ. ಆದ್ದರಿಂದ ಆಕೆ ಹೋಗದೆ ಇರುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಜ್ವರ, ನಡುನೋವು, ಒಣಗಿದ ತುಟಿ. ವಾರ್ಡಿನಲ್ಲಿ ತಿಂಗಳಿಗೆ ಹತ್ತು ಜನರನ್ನು ನೋಡುತ್ತೇನೆ. ಮೂತ್ರದ ಸೋಂಕು ಮೇಲೇರುತ್ತಿದೆ. ಈ ಕಾಗದ ಸಿಕ್ಕ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು, ನಾಳೆ ಎನ್ನಬೇಡ.

ಇನ್ನು ನಾನು ನಿನಗೆ ಎಂದೂ ಹೇಳದ ಒಂದು ಮಾತು. ನಾವು ಹಳಿಯ ಪಕ್ಕ ಕೂತು ಬೆಳೆದವರು ಎಂದು ನೀನು ತಮಾಷೆಯಾಗಿ ಅಂದೆ. ನೀನು ಯಾವ ಹೊತ್ತಿಗೆ ಬೇಕಾದರೂ ಹೋಗುತ್ತಿದ್ದೆ. ನಾನು ಮತ್ತು ಅವ್ವ ಬೆಳಗಿನ ನಾಲ್ಕೂವರೆಗೆ ಹೋಗುತ್ತಿದ್ದೆವು. ನನಗೆ ಹದಿಮೂರು ವರ್ಷವಿದ್ದಾಗ ಒಂದು ದಿನ ರೈಲು ಸಿಗ್ನಲ್ ಸಿಗದೆ ಅಲ್ಲೇ ನಿಂತಿತು. ಕಿಟಕಿಗಳಿಂದ ಟಾರ್ಚ್ ಬಿಟ್ಟರು. ಒಬ್ಬನಲ್ಲ, ಬೋಗಿಯೆಲ್ಲ. ಸಿಳ್ಳೆ ಹೊಡೆದರು. ಅವ್ವ ತನ್ನ ಸೆರಗಿನಿಂದ ನನ್ನ ಮುಖ ಮುಚ್ಚಿದಳು, ತನ್ನ ಮುಖಕ್ಕೆ ಸೆರಗು ಸಾಲಲಿಲ್ಲ. ರೈಲು ಹೊರಡುವ ತನಕ ಹಾಗೆಯೇ ಕೂತಿದ್ದೆವು. ಅಂದಿನಿಂದ ಅವ್ವ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ಬಿಟ್ಟಳು. ಏಳು ವರ್ಷ. ಅವಳು ಜ್ವರದಿಂದ ಸತ್ತಳು ಎಂದು ನೀನು ಎಲ್ಲರಿಗೂ ಹೇಳುತ್ತೀ. ಜ್ವರ ಮೂತ್ರಪಿಂಡದಿಂದ ಬಂದದ್ದು. ನರ್ಸಿಂಗಿನ ಎರಡನೆಯ ವರ್ಷದಲ್ಲಿ ಪುಸ್ತಕ ಓದುತ್ತಾ ನನಗೆ ಗೊತ್ತಾಯಿತು. ನಿನಗೆ ಹೇಳಿ ಏನಾಗಬೇಕು ಎಂದು ಸುಮ್ಮನಿದ್ದೆ.

ನಿನ್ನ ಎರಡನೆಯ ಕ್ಯಾಸೆಟ್ಟಿಗೆ ನಾನು ನಕ್ಕೆ. ಆರು ಜನರನ್ನು ನಗಿಸಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗಿದೆ. ಆ ಟೇಪನ್ನು ಹೊರಗೆಳೆದು ಕತ್ತರಿಸಿದ್ದೇನೆ. ಎದ್ದು ಹೋದ ಕುಂದಾಪುರದ ಹುಡುಗಿಯ ಮುಖ ನೋಡಲು ಆಗುತ್ತಿಲ್ಲ.

ಕ್ಯಾಮೆರಾ ಬಿಚ್ಚು. ಆಲ್ಬಮ್ಮಿನದನ್ನೂ ಹೊರಗೆ ಹೋದದ್ದನ್ನೂ ತಂದುಬಿಡು. ಪಟ್ಟಿ ನಿನ್ನ ಸರ್ ಅವರದಲ್ಲ, ನಿನ್ನದೂ ಅಲ್ಲ. ಕಸ್ತೂರೆವ್ವನಿಗೆ ನಿನ್ನ ಬಾಯಿಂದ ಹೇಳು. ಅಷ್ಟು ಆಗುವ ತನಕ ನನಗೆ ಏನನ್ನೂ ಕಳಿಸಬೇಡ.

ಕಾವೇರಿ


ಕ್ಯಾಸೆಟ್ ನಾಕು
ಉಪ್ಪಿನಬೆಟಗೇರಿ, ಹಳ್ಳದ ದಂಡಿ, ೮ ಜನವರಿ ೨೦೦೪

ಅಕ್ಕಾ, ಇದನ್ನ ಮನ್ಯಾಗ ಕುಂತು ಮಾತಾಡಾಕತ್ತಿಲ್ಲ. ಹಳ್ಳದ ದಂಡಿಗೆ ಬಂದೇನಿ, ಹಗಲು ಹನ್ನೊಂದು ಗಂಟಿ. ಗಾಳಿ ಸಪ್ಪಳ ಬರ್ತೈತಿ, ತಾಳಕೋ. ಯಾಕ ಇಲ್ಲಿ ಅಂತ ಮುಂದ ಗೊತ್ತಾಗ್ತೈತಿ.

ನಿನ್ನ ಕಾಗದ ಎರಡನೇ ತಾರೀಖು ಸಿಕ್ತು. ಬಾಗಿಲಾಗ ನಿಂತು ಓದಿದೆ. ಅವ್ವನ ಮಾತು ಬಂದಲ್ಲಿ ಕುಂತೆ. ಅದರ ಬಗ್ಗೆ ಟೇಪಿನಾಗ ಮಾತಾಡಾಕ ಬರಂಗಿಲ್ಲ ನನಗ.

ಅವತ್ತ ಕಸ್ತೂರೆವ್ವನ್ನ ಧಾರವಾಡದ ದವಾಖಾನಿಗೆ ಒಯ್ದೆ. ಬರಂಗಿಲ್ಲ ಅಂದ್ಲು. ದುರಗವ್ವ ಬೈದು ಹತ್ತಿಸಿದ್ಲು. ನೀ ಹೇಳಿದ್ದ ಆತು, ಸೋಂಕು ಮ್ಯಾಲೇರೇತಿ, ಕಿಡ್ನಿ ತನಕ. ಲೇಡಿ ಡಾಕ್ಟರ್ ಇನ್ನೊಂದು ವಾರ ತಡಾ ಮಾಡಿದ್ರ ಕಷ್ಟ ಇತ್ತು ಅಂದ್ರು. ನಾಕು ದಿನ ಇಟ್ಟುಕೊಂಡ್ರು. ಈಗ ಮನ್ಯಾಗ ಅದಾಳ, ಜ್ವರ ಇಳದೈತಿ.

ಆಕಿ ಅಲ್ಲಿದ್ದಾಗ ನಾ ಕೇಶ್ವಾಪುರಕ್ಕ ಹೋದೆ. ಆಲ್ಬಮ್‌ನಾಗಿನ ನಾಕೂ ಕಿತ್ತುಕೊಂಡೆ. ಶಶಿಕುಮಾರ, ‘ಯಾಕ್ರಿ ಸೈಂಟಿಸ್ಟ್, ಅವರೇನು ನಿಮ್ಮ ಅಕ್ಕತಂಗ್ಯಾರೇನು’ ಅಂದ. ಹೌದು ಅಂದೆ. ನಕ್ಕ. ಅಂಗಡ್ಯಾಗ ಒಬ್ಬ ಮುದುಕ ಪಾಸ್‌ಪೋರ್ಟ್ ಫೋಟೋಕ್ಕ ಕುಂತಿದ್ದ. ಅವಗ ನಾಕೂ ಫೋಟೋದ ಹಿಂದಿನ ಬಿಳೇ ಕಡಿ ತೋರಿಸಿ ಹೇಳಿದೆ, ‘ಅಜ್ಜಾ, ಇವರು ಹೆಣ್ಣುಮಕ್ಕಳು ಬೈಲಕಡಿ ಹೋದ ಫೋಟೋ ದೊಡ್ಡವು ಮಾಡಿ ಇಟಗೋತಾರ, ನಿಮ್ಮ ಮನಿಯವರ ರೋಲ್ ಇಲ್ಲಿ ಕೊಡಬ್ಯಾಡ್ರಿ’ ಅಂತ. ಮುದುಕ ಎದ್ದು ಹೋದ. ಆಮ್ಯಾಲ ಶಶಿಕುಮಾರನ ನಗು ನಿಂತು, ಉಳಿದೆರಡು ಯಾರ ಕಡಿ ಅದಾವ ಅಂತ ಹೇಳಿದ. ಗೋಪನಕೊಪ್ಪದಾಗ ಒಬ್ಬನ ಕಡಿ. ಅವ ಊರಾಗಿಲ್ಲ, ಸೋಮವಾರ ಬರ್ತಾನಂತ.

ಮೊನ್ನೆ ಕಸ್ತೂರೆವ್ವ ಮನಿಗೆ ಬಂದ್ಲು. ಚಾ ಕುಡದ ಮ್ಯಾಲ ನಾಕು ಫೋಟೋ, ಪಟ್ಟಿ, ಎಲ್ಲಾ ಆಕಿ ಮುಂದ ಇಟ್ಟೆ. ದುರಗವ್ವನೂ ಇದ್ಲು. ಹೆಂಗ ಸುರು ಮಾಡಬೇಕಂತ ಬಸ್ಸಿನಾಗ ಬಾಯಿಪಾಠ ಮಾಡಿದ್ದೆ, ಒಂದೂ ಬರಲಿಲ್ಲ. ‘ಆ ಬೆಳಕು ನಂದು’ ಅಂದೆ.

‘ಗೊತ್ತೈತಿ’ ಅಂದ್ಲು ಕಸ್ತೂರೆವ್ವ.

‘ಹೆಂಗ?’ ಅಂದೆ.

‘ಹಲಗಿ ಗೋಡಿ ಐತಲ್ಲೋ ತಮ್ಮಾ. ಆ ಡಬ್ಬ್ಯಾಗ ನೀ ಮಾತಾಡೂದೆಲ್ಲಾ ನನಗ ಕೇಳತೈತಿ. ಹದಿನಾಕು ಮಂದಿ ಅಂದಿ. ಸೀರಿ ಉಟಗೊಳ್ಳೂ ಪ್ರಾಣಿ ಅಂದಿ. ಎಷ್ಟು ಹೊತ್ತು ನಕ್ಕಿ ಅದನ್ನೂ ಕೇಳೀನಿ. ಮರುದಿನಾನೂ ನಿನಗ ರೊಟ್ಟಿ ಬಡದೆ.’

‘ಮತ್ತ ಯಾಕ ಹೇಳಲಿಲ್ಲ? ಗಿಡಕ್ಕ ಕಟ್ಟಿದ ಡಬ್ಬಿ ಒಡದು ಒಗೀಬಹುದಿತ್ತಲ್ಲ.’

‘ಮುಟ್ಟಿದ್ರ ಪೊಲೀಸ್ ಬರ್ತಾರ ಅಂದವ ನೀನ’ ಅಂದ್ಲು ದುರಗವ್ವ. ‘ಪೊಲೀಸರ ಮುಂದ ನಿಂತು ಏನಂತ ಹೇಳೂದು ನಾವು?’

ಕಸ್ತೂರೆವ್ವ ಹೇಳಿದ್ಲು, ‘ನೀನ ಹೇಳ್ತೀಯೇನೋ ಅಂತ ಕಾಯ್ದೆ. ದಿನಾ ಬಡಿಸಿ ಬಾಗಿಲಾಗ ಕುಂದರತಿದ್ದೆ ನೋಡು, ಅದಕ್ಕ. ನೀ ಉಂಡು ಕೈ ತೊಳಕೊಂಡು, ಎಣಗಾಯಿ ಛಲೋ ಆಗೇತಿ ಅಂತಿದ್ದಿ.’

ಅಕ್ಕಾ, ಸತ್ತ ದನ, ಹಿಕ್ಕಿ, ಬೂಟು, ಎಲ್ಲಾದಕ್ಕೂ ಹೇಸಿಕೊಂಡು ನಿನಗ ಹೇಳೀನಲ್ಲ. ಈ ಒಂದು ಮಾತಿಗೆ ಆದ ಹೇಸಿಗಿ ಹೆಂಗ ಹೇಳ್ಲಿ ಗೊತ್ತಿಲ್ಲ. ಇದನ್ನ ತೊಳಿಯಾಕ ಬರಂಗಿಲ್ಲ.

ಆಕಿ ಪಟ್ಟಿ ತಗೊಂಡು ಬಾಗಿಲ ಬೆಳಕಿಗೆ ಹಿಡದ್ಲು. ಒಂದೊಂದ ನೋಡಿದ್ಲು. ಯಾರ್ಯಾರಂತ ದುರಗವ್ವಗ ಹೆಸರು ಹಿಡದು ಹೇಳಿದ್ಲು, ಹಿಂದಿನ ಸೆರಗಿನ ಮ್ಯಾಲ ಗುರುತು ಹಿಡಿತಾರ ಇವರು. ‘ನಿನ್ನ ಪ್ರಾಣಿ ಯಾವುದರಾಗೈತಿ?’ ಅಂದ್ಲು. ತೋರಿಸಿದೆ. ‘ಇದಕ್ಕ ನಿನಗ ಪದವಿ ಕೊಡ್ತಾರೇನು?’

‘ಕೊಡ್ತಾರ. ಪಟ್ಟಿ ಕತ್ತರಿಸಬಾರದಂತ.’

‘ಕತ್ತರಿಸಿದ್ರ?’

‘ನಂಬಂಗಿಲ್ಲ.’

ಈಳಿಗಿ ಎಳಕೊಂಡು ನನ್ನ ಮುಂದ ಇಟ್ಲು. ‘ನಂಬಲಿ ಬಿಡ್ಲಿ. ನಿಂದು ನೀ ಕತ್ತರಿಸಿಕೋ, ನಮ್ಮವು ನಮಗ ಕೊಡು’ ಅಂದ್ಲು. ಈಳಿಗಿ ಮ್ಯಾಲ ಪಟ್ಟಿ ಇಟ್ಟೆ. ಆಗ ಆಕಿ ಮತ್ತ ಬಗ್ಗಿ, ಇಪ್ಪತ್ತೆರಡನೇದನ್ನ ಉಗರಿನಿಂದ ಮುಟ್ಟಿ, ‘ತಡಿ, ಅದು ಮೂಸಾಕತ್ತಿದ್ದೇನು?’ ಅಂದ್ಲು.

ನಾ ನೂರು ಸರ್ತಿ ನೋಡೇನಿ ಆ ಫ್ರೇಮು. ಸರ್ ಭೂತಗನ್ನಡಿ ಹಿಡದು ನೋಡ್ಯಾರ. ಕಿವಿ ನೋಡೇವಿ, ಮೈಮ್ಯಾಲಿನ ಪಟ್ಟಿ ಎಣಿಸೇವಿ. ಅದರ ಮೂತಿ ಮುಂದ ಒಂದು ಕಲ್ಲು ಐತಿ ಅಂತ ತಿಳಕೊಂಡಿದ್ವಿ. ಕಲ್ಲಲ್ಲ. ಚರಗಿ. ಇಪ್ಪತ್ತೊಂದರಾಗ ಬೆಳಕು ಬಿದ್ದ ಕೂಡ್ಲೆ ಕಸ್ತೂರೆವ್ವ ಚರಗಿ ಬಿಟ್ಟು ಓಡ್ಯಾಳ. ಆಮ್ಯಾಲ ಅದು ಬಂದೈತಿ.

ನಾ ಈಳಿಗಿ ಬಾಜೂ ಸರಸಿ, ಪಟ್ಟಿ, ಫೋಟೋ ಎಲ್ಲಾ ಒಲ್ಯಾಗ ಹಾಕಿದೆ. ಇಪ್ಪತ್ತೆರಡನ್ನೂ. ಅದರಾಗೂ ಆಕಿ ಚರಗಿ ಇತ್ತಲ್ಲ. ಫಿಲ್ಮ್ ಸುಟ್ರ ಭಾಳ ಕೆಟ್ಟ ವಾಸನಿ ಬರ್ತೈತಿ. ಮೂರೂ ಮಂದಿ ಮೂಗು ಮುಚ್ಚಿಕೊಂಡು ಕುಂತ್ವಿ. ‘ಮನಿ ತುಂಬ ನಾರಿಸಿದೆಲ್ಲೋ’ ಅಂದ್ಲು ದುರಗವ್ವ.

ಅವತ್ತ ಕ್ಯಾಮೆರಾ ಬಿಚ್ಚಾಕ ಹೋದಾಗ ಜಾಲಿ ಬುಡಕ್ಕ ಹುಡುಕಿದೆ. ಚರಗಿ ಹತ್ತು ಹೆಜ್ಜಿ ಆಚೆ ಬಿದ್ದಿತ್ತು. ಕಂಠದ ಮ್ಯಾಲ ಎರಡು ಹಲ್ಲಿನ ತೂತು. ಹಿತ್ತಾಳಿ ಅಕ್ಕಾ, ಹಿತ್ತಾಳಿಗೆ ತೂತು ಬಿದ್ದೈತಿ. ಒಯ್ದು ಕೊಟ್ಟೆ. ಬೂದಿ ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತೊಳದ್ಲು. ಹೆಸರು ಹಂಗ ಐತಿ. ‘ನೀರು ಸೋರ್ತೈತಿ, ಬೆಸಿಗಿ ಹಾಕಿಸಿಕೊಂಡು ಬಾ’ ಅಂತ ನನ್ನ ಕೈಗೆ ಕೊಟ್ಲು. ಹಲ್ಲಿನ ಗುರುತಿಗೆ ಅಳತಿ ತಗೋಬೇಕು ಅನಿಸ್ತು. ತಗೊಳ್ಳಲಿಲ್ಲ.

ಮಹಾದೇವಪ್ಪ ಸರ್‌ಗೆ ಇದ್ದದ್ದು ಇದ್ದಂಗ ಹೇಳಿದೆ. ಚೀರಿದ್ರು. ‘ಆರು ತಿಂಗಳಾ ಮತ್ತ ಮಾಡು, ಇಲ್ಲಾ ಬಿಡು, ನನ್ನ ಸಹಿ ಸಿಗಂಗಿಲ್ಲ’ ಅಂದಾರ. ಮಾಡ್ತೇನಿ ಅಂದೇನಿ. ಈ ಊರಾಗನ. ದುರಗವ್ವ ಹೇಳಿದ್ಲು, ‘ಅದನ್ನ ನೋಡಬೇಕಂದ್ರ ನಮ್ಮನ್ನ ಕೇಳಬೇಕಿತ್ತು. ಮೂರು ವರ್ಷ ಆತು, ಕುಂಟುಕಾಲಿಂದು, ದನ ಒಗಿಯೂ ಕಡಿಂದ ಬರ್ತೈತಿ. ನಮ್ಮನ್ನ ಯಾರು ಕೇಳ್ತಾರ’ ಅಂತ. ಕುಂಟುಕಾಲಂತ. ಅದೂ ನನ್ನ ಫೋಟೋದಾಗ ಕಂಡಿರಲಿಲ್ಲ. ಕ್ಯಾಮೆರಾ ಎಲ್ಲಿ ಕಟ್ಲಿ ಅಂತ ಕೇಳಿದೆ. ‘ಪಡುವಲ ದಂಡಿಗೆ ಕಟ್ಟು, ಗಂಡಸರು ಕುಂದರೂ ಕಡಿ. ಗುಲಾಬಸಾಬನ ಫೋಟೋ ದೊಡ್ಡದು ಮಾಡಿಸಿ ಚಾದಂಗಡ್ಯಾಗ ಹಚ್ಚೋಣಂತ’ ಅಂದ್ಲು. ಕಸ್ತೂರೆವ್ವ ನಕ್ಕಳು. ಒಂದು ತಿಂಗಳ ಮ್ಯಾಲ ನಕ್ಕಿದ್ದು. ನನಗ ನಗು ಬರಲಿಲ್ಲ.

ಆದ್ರ ಮಾಫಿ ಗೀಫಿ ಏನೂ ಸಿಕ್ಕಿಲ್ಲ ಅಂತ ತಿಳಕೋ. ಎಲ್ಲಾ ಬಂದಾವೇನು ಅಂತ ಕೇಳಿದ್ಲು. ಗೋಪನಕೊಪ್ಪದಾಗ ಎರಡು ಉಳದಾವು ಅಂತ ಖರೇ ಹೇಳಿದೆ. ಅಷ್ಟೊತ್ತು ಮಾತಾಡಿದಾಕಿ ಎದ್ದು ಒಳಗ ಹೋಗಿ, ಹೊರಗ ಬರಲಾರದ ಹೇಳಿದ್ಲು, ‘ಅವು ಬರೂತನಕ ನಿನಗ ಈ ಮನ್ಯಾಗ ರೊಟ್ಟಿ ಇಲ್ಲ.’ ಎರಡು ದಿನದಿಂದ ಗುಲಾಬಸಾಬನ ಅಂಗಡ್ಯಾಗ ಬ್ರೆಡ್ ತಿನ್ನಾಕತ್ತೇನಿ. ಆಕಿ ನಿನ್ನೆ ರಾತ್ರಿ ಊಟ ಮಾಡಿದ್ಲು. ಹಲಗಿ ಆಚೆ ಚರಗಿಯಿಂದ ನೀರು ಬಗ್ಗಿಸಿಕೊಂಡ ಸಪ್ಪಳ ಕೇಳಿಸ್ತು, ಆ ಚರಗಿ ಅಲ್ಲ, ಸ್ಟೀಲಿಂದು. ಎರಡು ಸರ್ತಿ ಕುಡದ್ಲು. ಎಣಿಸಿದೆ.

ಸೋಮವಾರ ಗೋಪನಕೊಪ್ಪಕ್ಕ ಹೋಗ್ತೇನಿ. ಅದಕ್ಕೂ ಮೊದ್ಲು ನಿನ್ನ ದನಿ ಒಮ್ಮಿ ಕೇಳಬೇಕು, ಅವ್ವನ ಬಗ್ಗೆ ನೀ ಬರದದ್ದು ನಿನ್ನ ಬಾಯಿಂದ ಕೇಳಬೇಕು. ಕ್ಯಾಸೆಟ್ ಇವತ್ತ ಗೋವಾ ಬಸ್ಸಿನ ಡ್ರೈವರ್ ಕೈಯಾಗ ಕೊಡ್ತೇನಿ, ಶುಕ್ರವಾರ ಮುಟ್ತೈತಿ. ಬಸ್‌ಸ್ಟ್ಯಾಂಡಿನ ಫೋನ್ ಬೂತಿನ ನಂಬರ್ ಕ್ಯಾಸೆಟ್ಟಿನ ಡಬ್ಬಿ ಮ್ಯಾಲ ಬರದೇನಿ. ರವಿವಾರ ಮಾಡು. ಆದ್ರ ಮುಂಜಾನಿ ನಾಕರಿಂದ ಏಳರ ತನಕ ಮಾಡಬ್ಯಾಡ, ನಾ ಹೊರಗ ಬರಂಗಿಲ್ಲ. ಬೂತಿನ ಮುಂದ ಹಾದು ಹಳ್ಳಕ್ಕ ಹೋಗೂ ದಾರಿ ಆ ಹೊತ್ತಿಗೆ ಹೆಂಗಸರದು. ಎಂಟಕ್ಕ ಮಾಡು. ಎಂಟು ಹೊಡಿಯೂದ್ರಾಗ ಬಂದು ನಿಂತಿರ್ತೇನಿ.